ರಕ್ತ ತಿರುಗುವ ಕಥೆ



ನಮ್ಮ ನೆರೆಮನೆಯ ಹತ್ತು ವರ್ಷದ ಹುಡುಗನೊಬ್ಬನು ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳಿದನು. ಅವನ ತಂದೆ ಯಾರೋ ಅಪರಿಚಿತ ರೋಗಿಗೆ ರಕ್ತ ಕೊಟ್ಟು ಬಂದಿದ್ದರು. ಇನ್ನು ಮೈ ಬತ್ತಿಹೋಗುತ್ತದೆಂದು ಅಜ್ಜಿ ಕಳವಳಪಡುತ್ತಿದ್ದರು. "ಹೋದ ರಕ್ತ ಮತ್ತೆ ಎಲ್ಲಿಂದ ಬರುತ್ತದೆ?" ಎಂಬುದು ಹುಡುಗನ ಸಂಶಯ. ಅಜ್ಜಿಯನ್ನು ನೋಡಿ ನಗುವುದು ಸುಲಭ. ಆದರೆ ರಕ್ತವು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬ ಈ ಪ್ರಶ್ನೆಗೆ ಮಹಾವೈದ್ಯರೇ ಬಹುಕಾಲ ತಪ್ಪು ಉತ್ತರವನ್ನು ಹೇಳುತ್ತಿದ್ದರೆಂಬುದನ್ನು ನಾವು ಮರೆಯಲಾಗದು.

ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯನಾದ ಗ್ಯಾಲೆನನ ಮತದಂತೆ, ಉಂಡ ಆಹಾರವು ಯಕೃತ್ತಿನಲ್ಲಿ ರಕ್ತವಾಗಿ, ಸಿರೆಗಳ ಮೂಲಕ ಅವಯವಗಳಿಗೆ ಹರಿದು, ಅಲ್ಲಿಯೇ ಮುಗಿದುಹೋಗುತ್ತಿತ್ತು. ಕಾಲುವೆಯ ನೀರು ಗದ್ದೆಗೆ ಹೋಗಿ ಇಂಗುವುದಿಲ್ಲವೆ, ಹಾಗೆ. ಇಂಗಿದ ನೀರು ಕೆರೆಗೆ ಮರಳುವ ಮಾತೇ ಇಲ್ಲ. ಹದಿಮೂರನೆಯ ಶತಮಾನದಲ್ಲಿ ಕೈರೋ ನಗರದ ಇಬ್ನ್ ಅಲ್ ನಫೀಸನು ಇದರ ಒಂದು ಭಾಗವನ್ನು ಅಲ್ಲಗಳೆದು, ರಕ್ತವು ಶ್ವಾಸಕೋಶಗಳ ಮೂಲಕ ಹಾದುಬರುವುದೆಂದು ಬರೆದನು. ಯೂರೋಪಿನ ಪಾಠಶಾಲೆಗಳಲ್ಲಿ ಮಾತ್ರ ಗ್ಯಾಲೆನನ ಮಾತೇ ಸುಮಾರು ಸಾವಿರದ ನಾನ್ನೂರು ವರ್ಷ ನಡೆಯಿತು.

ಅದನ್ನು ಮುರಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. 1578ರಲ್ಲಿ ಹುಟ್ಟಿದ ಇವನು ಇಟಲಿಯ ಪಡುವಾ ನಗರದಲ್ಲಿ ಓದಿದನು. ಸಿರೆಗಳೊಳಗೆ ಪುಟ್ಟ ಕವಾಟಗಳಿರುವುದನ್ನು ಅಲ್ಲಿನ ಅವನ ಗುರು ಫ್ಯಾಬ್ರಿಸಿಯಸನು ವಿವರಿಸಿದ್ದನು. ಅವು ಏತಕ್ಕಿವೆ ಎಂಬುದು ಗುರುವಿಗೆ ಹೊಳೆಯಲಿಲ್ಲ, ಶಿಷ್ಯನಿಗೆ ಹೊಳೆಯಿತು. 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಅವನ ಲ್ಯಾಟಿನ್ ಗ್ರಂಥವು ಬಲು ಚಿಕ್ಕದು. ಅದರ ಮುಖ್ಯ ವಾದವು ನಮ್ಮ ಮಕ್ಕಳ ಲೆಕ್ಕದ ಪುಸ್ತಕದಲ್ಲಿ ಸೇರಬಹುದಾದಷ್ಟು ಸರಳವಾದುದು. ಗುಂಡಿಗೆಯ ಒಂದೊಂದು ಬಡಿತಕ್ಕೆ ಅರ್ಧ ಔನ್ಸು ರಕ್ತ ಹೊರಬೀಳುವುದೆಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಗೆ ಸಾವಿರ ಬಡಿತವಾದರೂ 500 ಔನ್ಸಾಯಿತು. ಇಡೀ ದೇಹದಲ್ಲಿಯೇ ಅಷ್ಟು ರಕ್ತವಿಲ್ಲ! ಅರ್ಧ ಗಂಟೆಯಲ್ಲಿ ಅಷ್ಟನ್ನು ಹುಟ್ಟಿಸುವ ಊಟವನ್ನು ಯಾರು ತಾನೆ ಉಂಡಾರು? ಆದುದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು. ನಿಜವಾಗಿ ನೋಡಿದರೆ ಹಾರ್ವೆಯು ಬಹಳ ಕಡಮೆ ಎಣಿಸಿದನು. ವಿಶ್ರಾಂತಿಯಲ್ಲಿರುವ ವಯಸ್ಕನ ಗುಂಡಿಗೆಯು ನಿಮಿಷಕ್ಕೆ ಸುಮಾರು ಐದು ಲೀಟರು ರಕ್ತವನ್ನು ದಬ್ಬುತ್ತದೆ. ಒಟ್ಟು ರಕ್ತವೂ ಸರಿಸುಮಾರು ಅಷ್ಟೆ.

ಲೆಕ್ಕವನ್ನು ಒಪ್ಪದವರಿಗೆ ಹಾರ್ವೆಯು ಕಣ್ಣಿಗೆ ಕಾಣುವ ಸಾಕ್ಷಿಯನ್ನೂ ಒದಗಿಸಿದನು. ಮೊಣಕೈಯ ಮೇಲ್ಗಡೆ ಒಂದು ಬಟ್ಟೆಯನ್ನು ಹದವಾಗಿ ಕಟ್ಟಿದರೆ ಮುಂಗೈಯ ಸಿರೆಗಳು ಉಬ್ಬಿ, ಅವುಗಳಲ್ಲಿ ಅಲ್ಲಲ್ಲಿ ಗಂಟುಗಳು ಕಾಣುತ್ತವೆ. ಕವಾಟವಿರುವ ಸ್ಥಳಗಳೇ ಅವು. ಒಂದು ಬೆರಳಿನಿಂದ ಸಿರೆಯನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಭುಜದ ಕಡೆಗೆ ಮುಂದಿನ ಗಂಟಿನಾಚೆಗೆ ಸವರಿರಿ. ನಡುವಣ ಭಾಗ ಬರಿದಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಕೆಳಗಿಳಿಯುವುದಿಲ್ಲ. ಒತ್ತಿದ ಬೆರಳನ್ನು ತೆಗೆದೊಡನೆ ಅಂಗೈಯ ಕಡೆಯಿಂದ ರಕ್ತ ನುಗ್ಗಿ ಅದನ್ನು ತುಂಬುತ್ತದೆ. ಸಿರೆಗಳ ದಾರಿ ಗುಂಡಿಗೆಯ ಕಡೆಗೇ ಎಂದು ಇಷ್ಟರಿಂದ ಸಿದ್ಧವಾಯಿತು. ನಮ್ಮ ಶಾಲೆಗಳಲ್ಲಿ ಗುಂಡಿಗೆಯ ನಾಲ್ಕು ಕೋಣೆಗಳ ಹೆಸರನ್ನು ಉರುಹೊಡೆಸುವ ಮೊದಲು ಇದನ್ನು ಒಮ್ಮೆ ತೋರಿಸಬಾರದೇಕೆ? ಹಿರಿಯರು ಹತ್ತಿರವಿದ್ದು, ಒಂದೆರಡು ನಿಮಿಷದೊಳಗೆ ಕಟ್ಟನ್ನು ಬಿಚ್ಚಿದರಾಯಿತು.

ಧಮನಿಯಿಂದ ಸಿರೆಗೆ ರಕ್ತ ದಾಟುವ ಸೂಕ್ಷ್ಮ ನಾಳಗಳನ್ನು ಹಾರ್ವೆ ಕಾಣಲಿಲ್ಲ. ಅವನು ತೀರಿಕೊಂಡದ್ದು 1657ರಲ್ಲಿ. ಇಟಲಿಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಅವುಗಳನ್ನು ಸೂಕ್ಷ್ಮದರ್ಶಕದಿಂದ ಕಂಡು ಪ್ರಕಟಿಸಿದ್ದು 1661ರಲ್ಲಿ.

ರಕ್ತವು ಸುತ್ತುತ್ತದೆಂದು ತಿಳಿದ ಮೇಲೆ, ಒಬ್ಬರ ಸುತ್ತಿಗೆ ಇನ್ನೊಬ್ಬರದನ್ನು ಕೂಡಿಸಬಹುದೆಂಬ ಯೋಚನೆ ಬಂದಿತು. 1667ರಲ್ಲಿ ಫ್ರಾನ್ಸಿನ ಡೆನಿಯು ಹುಡುಗನೊಬ್ಬನಿಗೆ ಕುರಿಮರಿಯ ರಕ್ತವನ್ನು ಏರಿಸಿದನು. ಆ ಹುಡುಗನು ಬದುಕಿದನು. ಮುಂದೆ ಇನ್ನೊಬ್ಬ ರೋಗಿ ಸತ್ತು, ಸಂಗತಿ ನ್ಯಾಯಾಲಯಕ್ಕೆ ಹೋಗಿ, ಸುಮಾರು ನೂರೈವತ್ತು ವರ್ಷ ಆ ಪ್ರಯತ್ನವೇ ನಿಂತುಹೋಯಿತು. ಹೆರಿಗೆಯಲ್ಲಿ ರಕ್ತ ಹರಿದು ಸಾಯುವ ತಾಯಂದಿರನ್ನು ಕಂಡು ಮರುಗಿದ ಲಂಡನ್ನಿನ ಬ್ಲಂಡೆಲನು 1818ರಲ್ಲಿ ಅದನ್ನು ಮತ್ತೆ ಕೈಗೊಂಡನು. ಮನುಷ್ಯನಿಗೆ ಮನುಷ್ಯನ ರಕ್ತವೇ ಸಲ್ಲಬೇಕೆಂಬುದು ಅವನ ಹಟ. ಆದರೂ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ತಿಳಿದದ್ದು 1901ರಲ್ಲಿ. ವಿಯನ್ನಾದ ಲ್ಯಾಂಡ್‌ಸ್ಟೈನರನು ತನ್ನ ಮತ್ತು ಸಹೋದ್ಯೋಗಿಗಳ ರಕ್ತವನ್ನು ಬೆರೆಸಿ ನೋಡಿ, ರಕ್ತದಲ್ಲಿ ಗುಂಪುಗಳುಂಟೆಂದು ತೋರಿಸಿಕೊಟ್ಟನು.

ಒಡಹುಟ್ಟಿದವರನ್ನು ರಕ್ತ ಹಂಚಿಕೊಂಡು ಹುಟ್ಟಿದವರೆನ್ನುವುದು ನಮ್ಮ ವಾಡಿಕೆ. ಲ್ಯಾಂಡ್‌ಸ್ಟೈನರನ ತರುವಾಯ ಈ ಮಾತಿನ ಅರ್ಥ ಸ್ವಲ್ಪ ಪಲ್ಲಟವಾಗಿದೆ. ಅಣ್ಣನ ರಕ್ತ ತಮ್ಮನಿಗೆ ಹೊಂದದಿರಬಹುದು. ಹೆಸರು ಕುಲ ತಿಳಿಯದ ದಾರಿಹೋಕನದು ಹೊಂದಬಹುದು. 1921ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದು ರಕ್ತ ಬೇಕೆಂದು ಕ್ಯಾಂಬರ್‌ವೆಲ್ಲಿನ ರೆಡ್ ಕ್ರಾಸಿಗೆ ಹೇಳಿಕಳುಹಿಸಲು, ಅಲ್ಲಿನ ಪರ್ಸಿ ಆಲಿವರನೂ ಕೆಲವು ಜೊತೆಗಾರರೂ ಕೂಡಲೆ ಹೊರಟರು. ಅವರಲ್ಲಿ ಒಬ್ಬ ದಾದಿಯ ರಕ್ತ ಹೊಂದಿತು. ಆ ಮೇಲೆ ಆಲಿವರನು ತನ್ನ ಮನೆಯಿಂದಲೇ, ಕರೆದಾಗ ಬರುವ ಸ್ವಯಂದಾನಿಗಳ ಪಟ್ಟಿಯನ್ನು ಇಟ್ಟು ನಡೆಸಿದನು. ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಮಾರುವುದು 1998ರ ಜನವರಿ 1ರಿಂದ ನಿಷಿದ್ಧವಾಯಿತು. ಅದಕ್ಕೆ ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪೇ ಕಾರಣ.

ಇಷ್ಟನ್ನೂ ಹುಡುಗನಿಗೆ ಹೇಳಿ, ಅವನ ಪ್ರಶ್ನೆಗೆ ಬಂದೆನು. ಗ್ಯಾಲೆನನ ಮಾತಿನಲ್ಲಿ ಕೊಂಚ ಸತ್ಯವೂ ಉಂಟು: ರಕ್ತ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಆದರೆ ಯಕೃತ್ತಿನಲ್ಲಲ್ಲ, ಎಲುಬಿನ ಮಜ್ಜೆಯಲ್ಲಿ, ಅದೂ ನಿಧಾನವಾಗಿ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಕೊಡದೆ ಇಟ್ಟುಕೊಂಡರೂ ಅದು ಅಳಿಯುವುದೇ. ನಮ್ಮಲ್ಲಿ ಸಾಮಾನ್ಯವಾಗಿ ಒಮ್ಮೆಗೆ ತೆಗೆದುಕೊಳ್ಳುವುದು 350 ಮಿಲಿಲೀಟರು. ಅದರ ದ್ರವಭಾಗ ಒಂದೆರಡು ದಿನಗಳಲ್ಲಿಯೂ ಕಣಗಳು ಕೆಲವು ವಾರಗಳಲ್ಲಿಯೂ ತುಂಬಿಕೊಳ್ಳುತ್ತವೆ. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಕೊಡಬಹುದು. "ನಾನು ಯಾವಾಗ ಕೊಡಬಹುದು?" ಎಂದನು. ಹದಿನೆಂಟು ತುಂಬಲಿ ಎಂದೆನು.

ಮರುದಿನ ನೋಡಿದರೆ ಅವನು ಅಜ್ಜಿಯ ಮುಂಗೈಯನ್ನು ಹಿಡಿದುಕೊಂಡು ಸಿರೆಯ ಗಂಟುಗಳನ್ನು ಹುಡುಕುತ್ತಿದ್ದನು. ಅಜ್ಜಿ ಎಲ್ಲವನ್ನೂ ಕೇಳಿ ತಲೆದೂಗಿದರು. ಮಗನಿಗೆ ಮಾತ್ರ ಬೆಲ್ಲ ಹಾಕಿದ ಹಾಲನ್ನು ಒಂದು ವಾರ ಬಿಡದೆ ಕುಡಿಸಿದರು.