ಎಗ್ಮೂರಿನ ಗುಮ್ಮಟ, ಶ್ರೀರಂಗಪಟ್ಟಣದ ಕಮಾನು

ಚೆನ್ನೈ ನಗರದ ಎಗ್ಮೂರಿನಲ್ಲಿರುವ ಸಂತ ಆಂಡ್ರೂ ಚರ್ಚು ಜನರ ಬಾಯಲ್ಲಿ 'ಕರ್ಕ್' ಎಂದೇ ಪ್ರಸಿದ್ಧವಾಗಿದೆ. ಸ್ಕಾಟ್ಲೆಂಡಿನ ನುಡಿಯಲ್ಲಿ ಆ ಮಾತಿಗೆ ಚರ್ಚು ಎಂದಷ್ಟೇ ಅರ್ಥ. ಇದು ಲಂಡನ್ನಿನ ಸಂತ ಮಾರ್ಟಿನ್ ಚರ್ಚಿನ ಪ್ರತಿರೂಪವೆಂದು ಬರೆದವರು ಅನೇಕರು. ಹೊರಮೈಯ ಮಟ್ಟಿಗೆ ಈ ಮಾತು ಸಲ್ಲುತ್ತದೆ. ಒಳಹೊಕ್ಕು ತಲೆಯೆತ್ತಿ ನೋಡಿದವರಿಗೆ ಮಾತ್ರ ಅದು ಸಾಲದು. ಅಲ್ಲಿಯ ಗುಮ್ಮಟದ ಪೂರ್ವವೃತ್ತಾಂತವನ್ನು ಥೇಮ್ಸ್ ನದಿಯ ದಂಡೆಯಲ್ಲಲ್ಲ, ಕಾವೇರಿಯ ದಂಡೆಯಲ್ಲಿ ಅರಸಬೇಕು.

1813ರ ಸನ್ನದಿನ ತರುವಾಯ ಕಂಪನಿ ಸರಕಾರವು ತನ್ನ ಮೂರು ರಾಜಧಾನಿಗಳಲ್ಲಿಯೂ ಸ್ಕಾಟ್ ಪಂಥದ ಪಾದ್ರಿಗಳನ್ನು ನೇಮಿಸಲು ಒಪ್ಪಿಕೊಂಡಿತು. ಮದರಾಸಿನ ಚರ್ಚಿಗೆ 1818ರ ಏಪ್ರಿಲ್ 6ರಂದು ಅಸ್ತಿಭಾರವಿಟ್ಟರು. 1821ರ ಫೆಬ್ರವರಿ 25ರಂದು ಪ್ರಾರ್ಥನೆ ಆರಂಭವಾಯಿತು. ಕಟ್ಟಿದವನು ಮದರಾಸ್ ಎಂಜಿನಿಯರರ ದಳದ ತಾಮಸ್ ಫಿಯಟ್ ಡಿ ಹ್ಯಾವಿಲೆಂಡ್. ಮೌಂಟ್ ರಸ್ತೆಯ ಸಂತ ಜಾರ್ಜ್ ಚರ್ಚಿನ ನಿರ್ಮಾಣದಲ್ಲಿಯೂ ಈತನ ಕೈ ಇತ್ತು.

ಸಂತ ಮಾರ್ಟಿನ್ ಚರ್ಚಿನ ಶಿಲ್ಪಿ ಜೇಮ್ಸ್ ಗಿಬ್ಸ್ ಹುಟ್ಟಿನಿಂದ ಸ್ಕಾಟ್ ಜನಾಂಗದವನು. ಲಂಡನ್ನಿನ ಚರ್ಚಿಗೆ ಅವನು ಮೊದಲು ಸೂಚಿಸಿದ್ದುದು ವೃತ್ತಾಕಾರದ ನಕ್ಷೆ. ಅದು ತಿರಸ್ಕೃತವಾಗಿ, 1728ರಲ್ಲಿ ಅವನು ಅಚ್ಚು ಹಾಕಿಸಿದ ಗ್ರಂಥದಲ್ಲಿ ಚಿತ್ರವಾಗಿ ಮಾತ್ರ ಉಳಿಯಿತು. ಲಂಡನ್ ಒಲ್ಲದ ಆ ಕಲ್ಪನೆಗೆ ಮದರಾಸಿನಲ್ಲಿ ಇಟ್ಟಿಗೆ ಗಾರೆಗಳ ದೇಹ ದೊರೆಯಿತೆನ್ನಬಹುದು. ಸ್ಕಾಟ್ ಪಂಥದಲ್ಲಿ ಉಪದೇಶವೇ ಪ್ರಧಾನ. ಉಪದೇಶಕನ ಸುತ್ತ ಜನ ನೆರೆಯುವ ಪೂಜೆಗೆ ವೃತ್ತಕ್ಕಿಂತ ಸಹಜವಾದ ಆಕಾರವೂ ಇಲ್ಲ.

ಹೊರಗಿನ ಐಯೋನಿಕ್ ಕಂಬಗಳ ಮುಖಮಂಟಪವನ್ನು ದಾಟಿದರೆ 81.5 ಅಡಿ ವ್ಯಾಸದ ವೃತ್ತಶಾಲೆ. ಅದರ ಪೂರ್ವ ಪಶ್ಚಿಮಗಳಲ್ಲಿ ಒಂದೊಂದು ಚೌಕಟ್ಟಿನ ಭಾಗ. ನಡುವೆ 16 ಕಂಬಗಳು ಉಂಗುರವಾಗಿ ನಿಂತು 51.5 ಅಡಿ ವ್ಯಾಸದ ಗುಮ್ಮಟವನ್ನು ಹೊತ್ತಿವೆ. ಕಂಬಗಳ ಮೈಮೇಲೆ ಉದ್ದನೆಯ ಗೀರುಗಳು, ತಲೆಯ ಮೇಲೆ ಕೊರಿಂಥ್ ಶೈಲಿಯ ಎಲೆಗಳ ಬೋದಿಗೆ. ಅಮೃತಶಿಲೆಯಂತೆ ಹೊಳೆಯುವುದು ಗಾರೆಯೇ: ಕಡಲ ಚಿಪ್ಪನ್ನು ಸುಟ್ಟ ಸುಣ್ಣವನ್ನು ನುಣ್ಣಗೆ ಅರೆದು, ಪದರ ಪದರವಾಗಿ ಬಳಿದು, ಕಲ್ಲಿನಿಂದ ಉಜ್ಜಿ ಹೊಳಪೇರಿಸುವ ಮದರಾಸಿನ ಗಾರೆಕೆಲಸದವರ ವಿದ್ಯೆ ಅದು. ಗುಮ್ಮಟದ ಒಳಮೈಗೆ ಕಡುನೀಲಿ; ಅದರ ತುಂಬ ಹೊನ್ನಿನ ನಕ್ಷತ್ರಗಳು. ಅವು ಸ್ಕಾಟ್ಲೆಂಡಿನ ಇರುಳಿನ ಆಕಾಶದ ತಾರೆಗಳಂತೆ. ಮನೆಯನ್ನು ಬಿಟ್ಟು ಬಂದವರು ಆಕಾಶವನ್ನಾದರೂ ಕೊಂಡು ಬಂದರೆನ್ನಬೇಕು. ಪರಸ್ಥಳದ ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಈ ಗುಮ್ಮಟದಲ್ಲಿ ಮರದ ಆಧಾರವಿಲ್ಲ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸುವ ತಾರಸಿಯೇ ಮದರಾಸಿನ ರೂಢಿ. ಅದಕ್ಕೆ ಗೆದ್ದಲಿನ ಭಯ ತಪ್ಪದು. ಡಿ ಹ್ಯಾವಿಲೆಂಡ್ ಉಂಗುರಾಕಾರದ ಕಮಾನುಕಟ್ಟನ್ನು ನಿಲ್ಲಿಸಿ ನಡುವಣ ತೆರವನ್ನು ಮಣ್ಣಿನ ಶಂಕುಗಳಿಂದ ತುಂಬಿಸಿದನು. ಎತ್ತರವಾಗಿ ಏಳದೆ ತಟ್ಟೆಯಂತೆ ಹರಡಿದ ಇಂತಹ ಗುಮ್ಮಟವನ್ನು ಕಟ್ಟುವ ಧೈರ್ಯ ಅವನಿಗೆ ಎಲ್ಲಿಂದ ಬಂದಿತು?

ಉತ್ತರ ಶ್ರೀರಂಗಪಟ್ಟಣದಲ್ಲಿದೆ. ಅಲ್ಲಿ ಕಾವೇರಿಗೆ ಅಡ್ಡಲಾಗಿ ಅಗಲವಾದ ಇಟ್ಟಿಗೆಯ ಕಮಾನುಗಳ ಸೇತುವೆಯನ್ನು ಕಟ್ಟಬಹುದೆಂದು ಆತನು ಸೂಚಿಸಿದಾಗ ಯಾರೂ ನಂಬಲಿಲ್ಲ. 1808ರಲ್ಲಿ ಆತನು ತನ್ನ ತೋಟದಲ್ಲಿಯೇ ಒಂದು ಕಮಾನನ್ನು ಕಟ್ಟಿ ತೋರಿಸಿದನು. ಬುಡದಿಂದ ಬುಡಕ್ಕೆ 112 ಅಡಿ. ನಡುವಿನ ಏರು 11 ಅಡಿ ಮಾತ್ರ. ಮೇಲೆ ನಿಂತು ಕುಪ್ಪಳಿಸಿದರೆ ಕಮಾನು ತೊನೆಯುತ್ತಿತ್ತೆಂದು ಹೇಳುತ್ತಾರೆ. ಕಡಮೆ ಏರಿನಲ್ಲಿ ಹೆಚ್ಚು ಅಗಲವನ್ನು ಇಟ್ಟಿಗೆಯಿಂದಲೇ ಸಾಧಿಸುವ ಈ ಪ್ರಯೋಗ ಹತ್ತು ವರ್ಷಗಳ ತರುವಾಯ ಎಗ್ಮೂರಿನಲ್ಲಿ ವೃತ್ತಾಕಾರವಾಗಿ ತಿರುಗಿತೆಂದು ತಿಳಿಯುವುದು ಯುಕ್ತ.

ಆದರೆ ಧೈರ್ಯವೆಲ್ಲ ಪರದೇಶಿಯದೇ ಎನ್ನುವುದು ನ್ಯಾಯವಲ್ಲ. ಎಗ್ಮೂರಿನ ನೆಲ ನೀರು ಕಚ್ಚಿದ ಜೇಡಿ. 166.5 ಅಡಿ ಎತ್ತರದ ಗೋಪುರವನ್ನು ಅಲ್ಲಿ ನಿಲ್ಲಿಸಲು ಸಾಧ್ಯವಾದದ್ದು ನಮ್ಮವರ ಬಾವಿತಳಹದಿಯಿಂದ. 14ರಿಂದ 50 ಅಡಿ ಆಳದವರೆಗೆ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಇಡೀ ಕಟ್ಟಡವನ್ನು ಕೂರಿಸಿದರು. ಗಿಬ್ಸನ ಗ್ರಂಥದಲ್ಲಿ ಹುಡುಕಿದರೆ ಸಿಕ್ಕುವ ಉಪಾಯ ಇದಲ್ಲ. ಚರ್ಚಿನ ಗೋಡೆಗಳ ಮೇಲೆ ಅಧಿಕಾರಿಗಳ ಸ್ಮಾರಕಫಲಕಗಳಿವೆ. ಬಾವಿ ತೋಡಿದವರ ಹೆಸರನ್ನು ಯಾರೂ ಕೆತ್ತಿಸಲಿಲ್ಲ.

ಕಾವೇರಿಯ ಮೇಲೆ ಡಿ ಹ್ಯಾವಿಲೆಂಡನ ಸೇತುವೆ ಏಳಲಿಲ್ಲ. ಅವನ ಕಮಾನಿಗಿಂತ ಮುಂಚೆಯೇ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ದೇಶೀಯ ಪದ್ಧತಿಯ ಕಲ್ಲುಕಂಬಗಳ ಮೇಲೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಇಂದಿಗೂ ಉಳಿದಿದೆ. ತೋಟದ ಕಮಾನು ಶತಮಾನಕ್ಕೂ ಮಿಕ್ಕಿ ಬಾಳಿ 1930ರ ದಶಕದಲ್ಲಿ ಕುಸಿದುಬಿದ್ದಿತು. ಅವನ ಕೈಕೆಲಸವನ್ನು ಕನ್ನಡನಾಡಿನಲ್ಲಿ ನೋಡಬಯಸುವವರು ಈಗ ಮೈಸೂರಿನ ಸರಕಾರಿ ಭವನಕ್ಕೆ ಹೋಗಬೇಕು. ಅಲ್ಲಿಯ ವಿಶಾಲವಾದ ಭೋಜನಶಾಲೆಯ ನಡುವೆ ಒಂದು ಕಂಬವೂ ಇಲ್ಲ.