ರಕ್ತ ಕೇಳದ ಖುಕುರಿ

ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಗೂರ್ಖಾ ಸೈನಿಕ ಒರೆಯಿಂದ ಖುಕುರಿ ಎಳೆದರೆ ರಕ್ತ ಕಾಣದೆ ಒಳಗಿಡೋದಿಲ್ಲ ಅಂತ, ಹಿನ್ನೆಲೆಯಲ್ಲಿ ಢಂ ಢಂ ಸಂಗೀತ ಹಾಕಿಸಿಕೊಂಡು, ನಾನೇ ನಿಮಗೆ ಹೇಳಿದ್ದೆ. ಅದು ಕಟ್ಟುಕಥೆ. ನೇಪಾಳದ ಬೆಟ್ಟದ ಮನೆಗಳಲ್ಲಿ ಅದರಲ್ಲೇ ಸೌದೆ ಸೀಳ್ತಾರೆ, ಪೊದೆ ಸವರ್ತಾರೆ, ಮಾಂಸ ಕೊಚ್ತಾರೆ. ಪ್ರತಿ ಸಲ ರಕ್ತ ಕೇಳೋ ಕತ್ತಿ ಆದರೆ ಒಲೆ ಹಚ್ಚೋದು ಯಾವಾಗ ಸ್ವಾಮಿ?

ಇಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಆ ಕಥೆಗಿಂತ ಉಕ್ಕಿನ ಕಥೆ ಇಷ್ಟ. ಲಾರಿ, ಜೀಪುಗಳ ಹಳೇ ಕಮಾನು ಪಟ್ಟಿಯಿಂದಲೇ ಇವತ್ತು ಎಷ್ಟೋ ಖುಕುರಿಗಳು ತಯಾರಾಗುತ್ತವೆ. ಕಾಮಿ ಎಂಬ ಕಮ್ಮಾರ ಸಮುದಾಯದವರು ಅದನ್ನು ಕಾಯಿಸಿ, ಬಡಿದು, ಕೊನೆಗೆ ಕೆಂಪಗೆ ಕಾದ ಅಲಗಿನ ಬಾಯಿಗಷ್ಟೇ ಕೆಟಲ್‌ನಿಂದ ಸಣ್ಣಗೆ ನೀರು ಹೊಯ್ಯುತ್ತಾರೆ. ಬಾಯಿ ಗಡಸಾಗುತ್ತೆ, ಬೆನ್ನು ಮೆದುವಾಗೇ ಉಳಿಯುತ್ತೆ. ಇಡೀ ಅಲಗು ಗಡಸಾದರೆ ಜೋರು ಏಟಿಗೆ ಮುರಿದೀತು. ಭಾರವೆಲ್ಲ ಬಾಗಿದ ಮುಂಭಾಗದಲ್ಲಿ. ಎಳನೀರು ಕೆತ್ತೋ ಮಚ್ಚು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1814ರಲ್ಲಿ ಡೆಹ್ರಾಡೂನ್ ಬಳಿಯ ನಾಲಾಪಾನಿಯಲ್ಲಿ ಗೂರ್ಖಾಗಳ ಎದುರು ನಿಂತ ಬ್ರಿಟಿಷರು ತಮ್ಮ ಜನರಲ್ ಗಿಲೆಸ್ಪಿಯನ್ನೇ ಕಳೆದುಕೊಂಡರು. ಮರುವರ್ಷವೇ ಅದೇ ಜನರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಂಡರು!

ಸರಿ, ಮೆಷಿನ್ ಗನ್ ಕಾಲದಲ್ಲಿ ಕತ್ತಿಗೇನು ಕೆಲಸ? 1945ರ ಮಾರ್ಚ್ 5, ಬರ್ಮಾ. ಭಾನ್‌ಭಕ್ತ ಗುರುಂಗ್ ಒಬ್ಬನೇ ಜಪಾನೀಯರ ಬಂಕರ್ ಮೇಲೇರಿ ಹೊಗೆ ಗ್ರೆನೇಡ್ ಎಸೆದ. ಹೊರಗೋಡಿ ಬಂದ ಇಬ್ಬರನ್ನು ಖುಕುರಿಯಿಂದ ಕೊಂದ. ಒಳಗೆ ನುಗ್ಗಿದರೆ ಕೈ ಬೀಸೋಕೂ ಜಾಗವಿಲ್ಲ. ಉಳಿದ ಒಬ್ಬನನ್ನು ಕಲ್ಲಿನಿಂದ ಜಜ್ಜಿದ. ವಿಕ್ಟೋರಿಯಾ ಕ್ರಾಸ್ ಬಂತು. ಆ ಕಲ್ಲಿನ ಬಗ್ಗೆ ನಾವ್ಯಾರೂ ಎಪಿಸೋಡ್ ಮಾಡಿಲ್ಲ, ನೋಡಿ.

1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಂತೂ ಖುಕುರಿಗಿಂತ ಅದರ ಸುದ್ದಿಯೇ ಮುಂದೆ ಓಡಿತು. ಗೂರ್ಖಾಗಳು ಮೌಂಟ್ ವಿಲಿಯಂ ಹತ್ತೋ ಹೊತ್ತಿಗೆ ಅರ್ಜೆಂಟೀನಾ ಸೈನಿಕರು ಅಲ್ಲಿಂದ ಕಾಲ್ಕಿತ್ತಿದ್ದರು. ಪಕ್ಕದ ಟಂಬಲ್‌ಡೌನ್ ಬೆಟ್ಟ ಆಗಲೇ ಅವರ ಕೈತಪ್ಪಿತ್ತು, ಹಿಂದೆ ಸರಿಯೋಕೆ ಅಷ್ಟೇ ಸಾಕಿತ್ತು. ಆದರೂ ಹೆಸರು ಬಂದಿದ್ದು ಕತ್ತಿಗೆ. ಭಯ ಅನ್ನೋದು ಲೆಕ್ಕ ಕೇಳೋದಿಲ್ಲ.

ನನ್ನ ತಕರಾರು ಇಷ್ಟೇ. ಕತ್ತಿಯನ್ನು ಹೊಗಳುವ ಭರದಲ್ಲಿ ಹಿಡಿದ ಕೈಯನ್ನು ಮರೀತೀವಿ. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳನ್ನು ಆಸ್ತಿ ಪಾಲಿನ ಹಾಗೆ ಹಂಚಿದರು: ಆರು ಭಾರತಕ್ಕೆ, ನಾಲ್ಕು ಬ್ರಿಟನ್‌ಗೆ. ಭಾರತ, ಬ್ರಿಟನ್, ನೇಪಾಳದ ಆ ಒಪ್ಪಂದದ ಮೇಲೆಯೇ ಎಪ್ಪತ್ತೈದು ವರ್ಷ ನೇಪಾಳಿ ಹುಡುಗರು ನಮ್ಮ ಸೈನ್ಯ ಸೇರಿದರು. 2022ರಲ್ಲಿ ಅಗ್ನಿಪಥ್ ಬಂತು. ನಾಲ್ಕು ವರ್ಷಕ್ಕೆ ಮನೆಗೆ ಕಳಿಸೋ ನೌಕರಿ ಹಳೇ ಒಪ್ಪಂದಕ್ಕೆ ಹೊಂದಲ್ಲ ಅಂತ ನೇಪಾಳ ಭರ್ತಿಯನ್ನೇ ತಡೆಹಿಡಿಯಿತು. ಗೂರ್ಖಾ ರೆಜಿಮೆಂಟುಗಳ ಟೋಪಿಯ ಬಿಲ್ಲೆಯಲ್ಲಿ ಜೋಡಿ ಖುಕುರಿ ಹಾಗೇ ಇದೆ. ಆ ಸುದ್ದಿಗೆ ನಮ್ಮ ಚಾನೆಲ್‌ನಲ್ಲಿ ಸಿಕ್ಕಿದ್ದು ಕೆಳಗಿನ ಸ್ಕ್ರೋಲ್‌ನಲ್ಲಿ ಒಂದು ಸಾಲು.