ಅನರ್ಥದಂಡ ವಿರತಿ ಮತ್ತು ಮನೆಯ ದಿನಬಳಕೆ

ಶ್ರಾವಕರಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಕ್ರಮದಲ್ಲಿ ಗುಣವ್ರತಗಳೆಂದರೆ ದಿಗ್ವ್ರತ, ಅನರ್ಥದಂಡ ವ್ರತ ಮತ್ತು ಭೋಗೋಪಭೋಗ ಪರಿಮಾಣ. ಅನರ್ಥದಂಡ ಎಂದರೆ ಪ್ರಯೋಜನವೇ ಇಲ್ಲದೆ ನಮ್ಮಿಂದ ಆಗುವ ಪಾಪ. ಅದರಲ್ಲಿ ಐದು ಬಗೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕೊನೆಯದಾದ ಪ್ರಮಾದಚರ್ಯೆಯಲ್ಲಿ ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು, ಸುಮ್ಮನೆ ತಿರುಗುವುದು, ಬೇರೆಯವರನ್ನು ತಿರುಗಿಸುವುದು ಇವೆಲ್ಲ ಬರುತ್ತವೆ. ಇಂದು ನಾವು ಪರಿಸರ ಎಂದು ಮಾತಾಡುವ ವಿಷಯದ ಬಹುಪಾಲು ಈ ಪಟ್ಟಿಯೊಳಗೇ ಇದೆ.

ನಾನು ಪಂಡಿತನಲ್ಲ. ಶೃಂಗೇರಿ ತಾಲ್ಲೂಕಿನ ಬೇಗಾರ್ ಕಡೆ ದಿನಸಿ ವ್ಯಾಪಾರ ಮಾಡಿಕೊಂಡು, ಬಿಡುವಿದ್ದಾಗ ಬಸದಿಯ ಕೆಲಸಕ್ಕೆ ಕೈ ಹಾಕಿಕೊಂಡು ಬಂದವನು. ಅಂಗಡಿಯವನೇ ಕಡಿಮೆ ಕೊಳ್ಳಿ ಎಂದು ಬರೆದರೆ ಕೆಲವರಿಗೆ ನಗು ಬರಬಹುದು. ಆದರೆ ಜನ ಏನು ಕೊಂಡು ಏನು ಎಸೆಯುತ್ತಾರೆ ಎಂಬುದು ಅಂಗಡಿಯವನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ನೀರು ಗಾಳಿಸುವುದು, ನೀರು ಚೆಲ್ಲುವುದು

ನೀರು ಗಾಳಿಸಿ ಕುಡಿಯುವುದು ನಮ್ಮ ಮನೆಗಳ ಗುರುತು. ದಪ್ಪ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಗಾಳಿಸಬೇಕು. ಗಾಳಿಸಿದ ನೀರಿಗೆ ಎರಡು ಗಳಿಗೆ, ಅಂದರೆ 48 ನಿಮಿಷದ ಮರ್ಯಾದೆ. ಅದಾದ ಮೇಲೆ ಮತ್ತೆ ಗಾಳಿಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ತೊಳೆದು, ನೀರು ಎಲ್ಲಿಂದ ಬಂತೋ ಅಲ್ಲಿಗೇ ನಿಧಾನವಾಗಿ ಇಳಿಸಬೇಕು. ಬಾವಿಯ ನೀರು ಬಾವಿಗೆ, ಹಳ್ಳದ ನೀರು ಹಳ್ಳಕ್ಕೆ. ನಮ್ಮ ಅಮ್ಮ ಇದಕ್ಕೆಂದೇ ಒಂದು ಚಿಕ್ಕ ಕೊಡಪಾನ ಇಟ್ಟಿದ್ದರು. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆ ಎಂದು ಅದನ್ನು ಹಗ್ಗದಲ್ಲಿ ಬಾವಿಯ ನೀರಿನವರೆಗೂ ಇಳಿಸಿ ಬಗ್ಗಿಸುತ್ತಿದ್ದರು.

ಈಗ ಕೊಳವೆಬಾವಿ ಬಂದಿದೆ. ಆರುನೂರು ಅಡಿ ಆಳಕ್ಕೆ ಯಾರೂ ಏನನ್ನೂ ಹಿಂದಕ್ಕೆ ಕಳಿಸಲಾರರು. ಪಟ್ಟಣದ ಮನೆಗಳಲ್ಲಿ ನಲ್ಲಿಗೆ ಬಟ್ಟೆ ಕಟ್ಟಿ, ಆ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡುವುದನ್ನು ನೋಡಿದ್ದೇನೆ. ಕುಡಿಯುವ ಎರಡು ಕೊಡ ನೀರಿಗೆ ಇಷ್ಟು ಎಚ್ಚರ ಇರುವವರು ಬಚ್ಚಲಿಗೆ ಹೋಗುವ ಇಪ್ಪತ್ತು ಕೊಡ ನೀರನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಮಲೆನಾಡಿನವರಾದ ನಮ್ಮ ತಪ್ಪು ಬೇರೆ ಥರದ್ದು. ಇಲ್ಲಿ ಬಹಳ ಮನೆಗಳಿಗೆ ಅಬ್ಬಿ ನೀರು. ಮೊದಲು ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಗುಡ್ಡದಿಂದ ತಾನಾಗಿ ಇಳಿಯುತ್ತದೆ. ಕರೆಂಟೂ ಬೇಡ, ಬಿಲ್ಲೂ ಇಲ್ಲ, ಹಾಗಾಗಿ ನಲ್ಲಿಯೂ ಇಲ್ಲ. ಹಗಲು ರಾತ್ರಿ ಹರಿಯುತ್ತದೆ. ಮಳೆಗಾಲದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಬೇಸಿಗೆಯ ಮಾತು ಬೇರೆ.

ಕೆಲವು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕೆಳಗಿನ ಮನೆಯವರು ಬಂದು, "ಅಣ್ಣ, ನಿಮ್ಮ ಟ್ಯಾಂಕು ತುಂಬಿ ಚೆಲ್ಲುವ ಸದ್ದು ರಾತ್ರಿಯೆಲ್ಲ ಕೇಳ್ತದೆ. ನಮ್ಮ ಪೈಪಲ್ಲಿ ಎರಡು ದಿನದಿಂದ ಬರೀ ಗಾಳಿ" ಎಂದರು. ಅವರು ಜಗಳಕ್ಕೆ ಬಂದವರಲ್ಲ, ಕೇಳಿಕೊಳ್ಳಲು ಬಂದವರು. ಆ ದಿನವೂ ನಮ್ಮ ಮನೆಯಲ್ಲಿ ನೀರು ಕ್ರಮವಾಗಿಯೇ ಗಾಳಿಸಿತ್ತು. ನನಗೆ ಆದ ನಾಚಿಕೆ ಈಗಲೂ ನೆನಪಿದೆ. ಮರುದಿನ ಟ್ಯಾಂಕಿಗೆ ಫ್ಲೋಟ್ ವಾಲ್ವ್ ಹಾಕಿಸಿದೆ. ಟ್ಯಾಂಕು ತುಂಬಿದರೆ ಪೈಪು ತಾನಾಗಿ ಮುಚ್ಚಿಕೊಳ್ಳುತ್ತದೆ, ಹೆಚ್ಚಿನ ನೀರು ಮೂಲದಲ್ಲೇ ಹಳ್ಳಕ್ಕೆ ಇಳಿದು ಕೆಳಗಿನವರಿಗೆ ಸಿಗುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಅಬ್ಬಿ ನೀರಿರುವ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಬಂಧುಗಳು ದಯವಿಟ್ಟು ಇದೊಂದನ್ನಾದರೂ ಮಾಡಿಸಿ.

ಬಯಲುಸೀಮೆಯವರಿಗೆ ಮಾಡಿನ ನೀರಿನ ಲೆಕ್ಕ: 100 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್ ನೀರು. ಅಲ್ಪಸ್ವಲ್ಪ ಸೋರಿಹೋದರೂ ಒಂದು ಒಳ್ಳೆಯ ಮಳೆಗೆ ತೊಟ್ಟಿ ತುಂಬುತ್ತದೆ.

ಇನ್ನು ಬಚ್ಚಲ ನೀರು. ನಮ್ಮ ಬಚ್ಚಲ ನೀರು ಹಳ್ಳಕ್ಕೆ, ಹಳ್ಳ ತುಂಗೆಗೆ. ಶೃಂಗೇರಿಯಲ್ಲಿ ಮಠದ ಬಳಿ ತುಂಗೆಯ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ, ಭಕ್ತರು ಪುರಿ ಹಾಕುತ್ತಾರೆ. ಆ ಮೀನಿನ ಬಾಯಿಗೆ ನಮ್ಮ ಸೋಪಿನ ಪುಡಿಯೂ ಸೇರುತ್ತದೆ. ಹಾಗೆಂದು ಅಂಟುವಾಳ ಕಾಯಿ ಬಳಸಿದರೆ ಎಲ್ಲ ಸರಿಯಾಯಿತು ಎಂದೂ ತಿಳಿಯಬಾರದು. ಅಂಟುವಾಳದ ನೊರೆ ನೇರವಾಗಿ ಹಳ್ಳಕ್ಕೆ ಹೋದರೆ ಮೀನಿಗೆ ವಿಷ. ಸಹಜವಾದದ್ದೆಲ್ಲ ಅಹಿಂಸೆಯದ್ದಲ್ಲ. ಸೋಪಾಗಲಿ ಅಂಟುವಾಳವಾಗಲಿ, ಹಿತ್ತಲಿನ ಬಾಳೆ ಬುಡಕ್ಕೋ ಕೆಸುವಿನ ಪಾತಿಗೋ ಬಿಟ್ಟು ಮಣ್ಣಿನಲ್ಲಿ ಇಂಗಿಸಬೇಕು. ಹಿಂದಿನವರು ಬಚ್ಚಲ ಹಿಂದೆ ಬಾಳೆ ನೆಟ್ಟಿದ್ದು ಹಣ್ಣಿಗೆ ಮಾತ್ರ ಅಲ್ಲ. ಬಿಸಿ ಗಂಜಿ, ಬಿಸಿ ನೀರನ್ನು ಆರಿಸದೆ ನೆಲಕ್ಕೆ ಚೆಲ್ಲಬಾರದು ಎಂಬ ಮಾತನ್ನೂ ಇಲ್ಲೇ ನೆನಪಿಸುತ್ತೇನೆ.

ಹಿಟ್ಟಿನ ಮರ್ಯಾದೆ

ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮರ್ಯಾದೆ. ಇದನ್ನು ಹಳೆಯ ಕಾಲದ ಕಟ್ಟುಪಾಡು ಎನ್ನುವವರು ಜುಲೈನಲ್ಲಿ ನಮ್ಮ ಅಂಗಡಿಗೆ ಬರಬೇಕು. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಆ ಶೀತದಲ್ಲಿ ಹಿಟ್ಟು, ರವೆಗೆ ಹುಳ ಬೀಳಲು ಹೆಚ್ಚು ದಿನ ಬೇಡ. ಎರಡು ಪ್ಯಾಕೆಟ್‌ಗೆ ಒಂದು ಉಚಿತ ಎಂದು ಒಯ್ದವರಲ್ಲಿ ಕೆಲವರು ಆ ಮೂರನೆಯದನ್ನು ಹುಳದ ಸಮೇತ ತಿಪ್ಪೆಗೆ ಹಾಕಿದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಬೆಳೆದವನ ಶ್ರಮ, ನೀರು, ಗಿರಣಿಯ ಕರೆಂಟು, ಲಾರಿಯ ಡೀಸೆಲ್ ಎಲ್ಲವೂ ವ್ಯರ್ಥ, ಜೊತೆಗೆ ಆ ಜೀವಗಳು. ಕಾಳು ಇಟ್ಟುಕೊಂಡು ಬೇಕಾದಷ್ಟನ್ನೇ ಬೀಸಿಸಿಕೊಂಡರೆ ಈ ಪ್ರಶ್ನೆ ಬರುವುದಿಲ್ಲ.

ಆದರೆ ಮಳೆಗಾಲಕ್ಕೆ ಒಣ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವುದನ್ನು ಪರಿಗ್ರಹ ಎಂದು ಟೀಕಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ವಾರಗಟ್ಟಲೆ ಹೊರಗೆ ಕಾಲಿಡಲಾಗದ ಊರಿನಲ್ಲಿ ಅದು ಅವಶ್ಯಕತೆ. ಪರಿಮಾಣ ಎಂದರೆ ಅಳತೆ, ಅಳತೆ ಊರಿಂದ ಊರಿಗೆ ಬೇರೆ. ಸೌದೆಯನ್ನು ಒಲೆಗೆ ಹಾಕುವ ಮುನ್ನ ಕೊಡವಿ ಇರುವೆ, ಗೆದ್ದಲು ನೋಡುವುದನ್ನು ಮರೆಯದಿದ್ದರೆ ಸಾಕು.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರ ಮನೆಯಲ್ಲಿ ಅಡುಗೆಮನೆಯ ದೀಪ ಬೇಗ ಆರುತ್ತದೆ. ಉಳಿದ ದೀಪಗಳಿಗೆ ಲೆಕ್ಕ ಸುಲಭ: ದಿನಕ್ಕೆ 5 ಗಂಟೆ ಉರಿದರೆ 60 ವ್ಯಾಟ್ ಹಳೆಯ ಬಲ್ಬು ತಿಂಗಳಿಗೆ 9 ಯೂನಿಟ್, 9 ವ್ಯಾಟ್ ಎಲ್‌ಇಡಿ ಒಂದೂವರೆ ಯೂನಿಟ್‌ಗೂ ಕಡಿಮೆ.

ಪ್ಲಾಸ್ಟಿಕ್ ಮತ್ತು ಬಚ್ಚಲ ಒಲೆ

ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಆಗ ನನ್ನ ಗೋದಾಮಿನಲ್ಲಿ ಎರಡು ಮೂಟೆ ಕ್ಯಾರಿಬ್ಯಾಗ್ ಇತ್ತು. ಅಲ್ಲಿಯವರೆಗೆ ಪ್ರತಿ ಗಿರಾಕಿಗೂ ಕೇಳದೆಯೇ ಒಂದು ಕೊಡುತ್ತಿದ್ದೆ. ಕೇಳದೆ ಕೊಡುವುದು ವ್ಯಾಪಾರದ ಮರ್ಯಾದೆ ಎಂದುಕೊಂಡಿದ್ದೆ. ಚೀಲ ಇಲ್ಲ ಎಂದಾಗ ಕೆಲವರು ಬೇರೆ ಅಂಗಡಿಗೆ ಹೋದರು, ಕೆಲವರು ಈವರೆಗೂ ಬಂದಿಲ್ಲ. 2022ರ ಜುಲೈ 1ರಿಂದ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಚಮಚ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧ ಬಂತು.

ನಿಷೇಧ ಏನೇ ಇರಲಿ, ಎಣ್ಣೆ, ಹಾಲು, ಬಿಸ್ಕತ್ತಿನ ಕವರುಗಳು ಮನೆಗೆ ಬಂದೇ ಬರುತ್ತವೆ. ಕಸದ ಗಾಡಿ ಬಾರದ ಒಂಟಿ ಮನೆಗಳಲ್ಲಿ ಅವನ್ನು ಹಂಡೆ ಒಲೆಗೆ ತುರುಕುವುದು ರೂಢಿ. ಅಡಿಕೆ ಸಿಪ್ಪೆ ಉರಿಯುವುದಕ್ಕೂ ಪ್ಲಾಸ್ಟಿಕ್ ಉರಿಯುವುದಕ್ಕೂ ಬಹಳ ವ್ಯತ್ಯಾಸ. ಆ ಹೊಗೆ ಮೊದಲು ಸೇರುವುದು ಸ್ನಾನಕ್ಕೆ ಕೂತ ಮಕ್ಕಳ ಎದೆಯನ್ನು. ಅದೇ ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತೇವೆ, ಅದೇ ಬೂದಿಯನ್ನು ಬಸಳೆ ಬುಡಕ್ಕೆ ಹಾಕುತ್ತೇವೆ. ಕವರುಗಳನ್ನು ತೊಳೆದು ಒಣಗಿಸಿ ಗೋಣಿಯಲ್ಲಿ ತುಂಬಿಟ್ಟು, ಪೇಟೆಗೆ ಹೋಗುವಾಗ ಪಂಚಾಯಿತಿಯ ಒಣಕಸಕ್ಕೆ ಕೊಡುವುದು ಸದ್ಯಕ್ಕೆ ಇರುವ ದಾರಿ.

ಬಸದಿಯ ಕಾರ್ಯಕ್ರಮಗಳಲ್ಲಿ ಬಾಳೆ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಇರಲಿ, ಕುಡಿಯಲು ಸ್ಟೀಲ್ ಲೋಟ ಇರಲಿ. ಪೇಪರ್ ಲೋಟಗಳ ಒಳಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ. ತೊಳೆಯುವವರು ಯಾರು ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಹೆಂಗಸರ ತಲೆಗೇ ಕಟ್ಟಿದರೆ ಈ ವ್ಯವಸ್ಥೆ ಎರಡನೇ ವರ್ಷಕ್ಕೆ ನಿಲ್ಲುವುದಿಲ್ಲ. ಗಂಡಸರ ಪಾಳಿ ಹಾಕಬೇಕು.

ನಿಯಮ ಹಿಡಿಯುವ ಕ್ರಮ

ಭೋಗೋಪಭೋಗ ಪರಿಮಾಣದಲ್ಲಿ ಜೀವನಪೂರ್ತಿ ಬಿಡುವುದಕ್ಕೆ ಯಮ, ಕಾಲದ ಮಿತಿ ಇಟ್ಟು ಬಿಡುವುದಕ್ಕೆ ನಿಯಮ ಎನ್ನುತ್ತಾರೆ. ಗೃಹಸ್ಥರಿಗೆ ನಿಯಮದಿಂದ ಆರಂಭಿಸುವುದು ಒಳ್ಳೆಯದು. ಚಾತುರ್ಮಾಸದ ನಾಲ್ಕು ತಿಂಗಳು ಅದಕ್ಕೆ ತಕ್ಕ ಅವಧಿ. ನಾವು ಮನೆಯವರೆಲ್ಲ ಕೂತು ಅಂಗಡಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆವು: ಹೊಸ ಬಟ್ಟೆ ಇಲ್ಲ, ಹಿಟ್ಟು ವಾರಕ್ಕೆ ಎರಡು ಸಲ ಬೀಸುವುದು, ಪ್ಲಾಸ್ಟಿಕ್ ಒಲೆಗೆ ಇಲ್ಲ, ಬೈಕು ಊರೊಳಗೆ ಇಲ್ಲ, ಸಿಂಹನಗದ್ದೆಗೆ ಜ್ವಾಲಾಮಾಲಿನಿ ಅಮ್ಮನವರ ದರ್ಶನಕ್ಕೆ ಹೋಗುವುದಾದರೆ ಮೂರು ಮನೆಯವರು ಸೇರಿ ಒಂದೇ ಗಾಡಿ.

ಬಟ್ಟೆ, ಹಿಟ್ಟು, ಒಲೆ ಮೂರೂ ಕೊನೆಯವರೆಗೆ ನಡೆದವು. ಗಾಡಿಯ ನಿಯಮ ಒಂದು ಸಲ ತಪ್ಪಿತು. ಬೈಕಿನ ನಿಯಮವನ್ನು ಮೊದಲ ವಾರದಲ್ಲೇ ಮುರಿದವನು ನಾನು; ಪುಸ್ತಕದಲ್ಲಿ ದಿನಾಂಕದ ಸಮೇತ ಮೊಮ್ಮಗಳು ಬರೆದಿಟ್ಟಿದ್ದಾಳೆ. ಈ ವರ್ಷ ಆಷಾಢಕ್ಕೆ ಮತ್ತೆ ಅದೇ ಪುಟದಿಂದ ಶುರು.